ಹಕ್ಕಿ ಪಂಜರ ಕ್ಲೀನ್ ಮಾಡುವಾಗ ಅದರ ಉಸಿರಿನ ಕಡೆಗೂ ಒಂದು ಕಣ್ಣಿರಲಿ

ನೆಲ ಒರೆಸಿದ ಮೇಲೆ ಫಿನೈಲ್ ವಾಸನೆ ಬಂದರೆ ನಮಗೊಂದು ಸಮಾಧಾನ. ಮನೆ ಕ್ಲೀನ್ ಆಯ್ತು ಅನ್ನಿಸುತ್ತದೆ. ಅದೇ ಅಭ್ಯಾಸದಲ್ಲಿ ಹಕ್ಕಿಯ ಪಂಜರಕ್ಕೂ ಒಂದಿಷ್ಟು ಫಿನೈಲ್ ಸುರಿದು ಉಜ್ಜಿ, ಕೊನೆಗೆ ಸುವಾಸನೆಯ ಸ್ಪ್ರೇ ಹೊಡೆಯುವವರೂ ಇದ್ದಾರೆ. ಪಂಜರವೇನೋ ಫಳಫಳ ಹೊಳೆಯುತ್ತದೆ. ಒಳಗಿನ ಹಕ್ಕಿ ಮಾತ್ರ ಬಾಯಿ ತೆರೆದುಕೊಂಡು, ಉಸಿರಿಗೊಮ್ಮೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಕೂತಿರುತ್ತದೆ.

ಹಾಗಂತ ತೊಳೆಯದೆ ಬಿಡುವಂತೆಯೂ ಇಲ್ಲ. ಒಣಗಿದ ಹಿಕ್ಕೆಯ ಧೂಳು ಹಕ್ಕಿಗೂ ಕೆಟ್ಟದ್ದು, ಅದನ್ನು ಸಾಕುವವರಿಗೂ ಕೆಟ್ಟದ್ದು. ಕೊಳೆ ಬಿಟ್ಟರೆ ಒಂದು ಥರದ ತೊಂದರೆ, ತಪ್ಪಾಗಿ ತೊಳೆದರೆ ಇನ್ನೊಂದು ಥರದ್ದು. ಪಂಜರದ ಕೆಲಸ ಬಹುಪಾಲು ನೀರು, ಕಾಗದ, ಬ್ರಷ್ ಇಷ್ಟರಲ್ಲೇ ಮುಗಿಯುತ್ತದೆ. ಕೆಮಿಕಲ್ ಬೇಕಾಗುವುದು ಅಪರೂಪಕ್ಕೆ. ಯಾಕೆ ಅಂತ ತಿಳಿಯಬೇಕಾದರೆ ಹಕ್ಕಿ ಹೇಗೆ ಉಸಿರಾಡುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಹಕ್ಕಿಯ ಉಸಿರು ನಮ್ಮ ಥರ ಅಲ್ಲ

ನಾವು ಉಸಿರು ಎಳೆದಾಗ ಶ್ವಾಸಕೋಶ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಗಾಳಿ ಒಳಗೆ ಹೋದ ದಾರಿಯಲ್ಲೇ ಹೊರಗೆ ಬರುತ್ತದೆ. ಪ್ರತಿ ಸಲವೂ ಒಂದಷ್ಟು ಹಳೆ ಗಾಳಿ ಒಳಗೇ ಉಳಿದು ಹೊಸದರ ಜೊತೆ ಬೆರೆಯುತ್ತದೆ. ಹಕ್ಕಿಯ ಶ್ವಾಸಕೋಶ ಚಿಕ್ಕದು, ಬಿಗಿಯಾದದ್ದು. ಹಿಗ್ಗುವ ಕುಗ್ಗುವ ಕೆಲಸಕ್ಕೆ ಅದರ ಮೈಯಲ್ಲಿ ಬೇರೆ ಗಾಳಿಚೀಲಗಳಿವೆ. ಹೆಚ್ಚಿನ ಹಕ್ಕಿಗಳಲ್ಲಿ ಇಂಥವು 9. ಕತ್ತಿನ ಬುಡದಿಂದ ಹೊಟ್ಟೆಯವರೆಗೆ ಹರಡಿಕೊಂಡಿರುವ ಈ ಚೀಲಗಳು ಕಮ್ಮಾರನ ತಿದಿಯ ಹಾಗೆ ಗಾಳಿಯನ್ನು ಒತ್ತುತ್ತವೆ. ಶ್ವಾಸಕೋಶದ ಒಳಗೆ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉಸಿರು ಎಳೆಯುವಾಗಲೂ ಹೊಸ ಗಾಳಿ, ಬಿಡುವಾಗಲೂ ಹೊಸ ಗಾಳಿ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಕೂಡ ನಮ್ಮದಕ್ಕಿಂತ ತೆಳು.

ಹಾರುವುದಕ್ಕೆ ತುಂಬಾ ಆಮ್ಲಜನಕ ಬೇಕು, ಅದಕ್ಕೆ ಈ ಏರ್ಪಾಡು. ಆದರೆ ಆಮ್ಲಜನಕ ಎಷ್ಟು ಸಲೀಸಾಗಿ ರಕ್ತಕ್ಕೆ ಸೇರುತ್ತದೋ, ಗಾಳಿಯಲ್ಲಿರುವ ವಿಷವೂ ಅಷ್ಟೇ ಸಲೀಸಾಗಿ ಸೇರುತ್ತದೆ. ಬಜರಿಗರ್‌ನಂಥ ಪುಟ್ಟ ಗಿಳಿಯ ತೂಕ 30-40 ಗ್ರಾಂ ಅಷ್ಟೇ. ನಮಗೆ ಸ್ವಲ್ಪ ಕಣ್ಣುರಿ ತರುವ ಹೊಗೆ ಅದರ ಪ್ರಾಣಕ್ಕೇ ಬರಬಹುದು.

ಇದು ಗೊತ್ತಿದ್ದೇ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಈ ಸಲಹೆ ಕೊಟ್ಟರು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಗಣಿಯಲ್ಲಿ ತುಂಬಿಕೊಂಡರೆ ಮನುಷ್ಯರಿಗೆ ಗೊತ್ತಾಗುವ ಮೊದಲೇ ಕ್ಯಾನರಿ ತೂಕಡಿಸಿ ಬೀಳುತ್ತಿತ್ತು. ಯಂತ್ರಗಳು ಆ ಕೆಲಸ ವಹಿಸಿಕೊಂಡದ್ದು 1986ರ ಸುಮಾರಿಗೆ. ಮನೆಯ ಪಂಜರದಲ್ಲಿರುವ ಹಕ್ಕಿಯ ಶ್ವಾಸಕೋಶವೂ ಅದೇ ಬಗೆಯದು.

ಅದಕ್ಕೇ ಮೊದಲ ನಿಯಮ ಬಹಳ ಸರಳ: ವಾಸನೆ ಬರುವ ಯಾವ ಕ್ಲೀನರನ್ನೂ ಹಕ್ಕಿ ಇರುವ ಕೋಣೆಯಲ್ಲಿ ಬಳಸಬಾರದು. ಫಿನೈಲ್, ಪೈನ್ ಎಣ್ಣೆಯ ಕ್ಲೀನರ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್, ಟಾಯ್ಲೆಟ್ ಆಸಿಡ್, ರೂಮ್ ಫ್ರೆಶ್ನರ್, ಜಿರಳೆ ಸ್ಪ್ರೇ ಎಲ್ಲವೂ ಇದರಲ್ಲಿ ಬಂತು. ಪಂಜರದ ವಾಸನೆ ಮುಚ್ಚಲು ಪರಿಮಳದ ಮೇಣದಬತ್ತಿ, ಊದುಬತ್ತಿ ಹಚ್ಚುವುದೂ ಬೇಡ. ‘ನ್ಯಾಚುರಲ್’ ಅಂತ ಬರೆದಿರುವ ಎಸೆನ್ಶಿಯಲ್ ಆಯಿಲ್‌ಗೂ ರಿಯಾಯಿತಿ ಇಲ್ಲ. ಗಿಡದಿಂದ ಬಂದದ್ದೆಲ್ಲ ಹಕ್ಕಿಗೆ ಒಳ್ಳೆಯದು ಅನ್ನುವ ನಂಬಿಕೆಗೆ ಬುಡವಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಪಂಜರಕ್ಕೆ ನೇರ ಸಂಬಂಧ ಇಲ್ಲದಿದ್ದರೂ. ನಾನ್‌ಸ್ಟಿಕ್ ಬಾಣಲೆಯ ಮೇಲಿರುವ ಪಿಟಿಎಫ್‌ಇ ಲೇಪ ಅತಿಯಾಗಿ ಕಾದರೆ ಹೊರಡುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಅದು ಕಣ್ಣಿಗೆ ಕಾಣಲೇಬೇಕು, ಮೂಗಿಗೆ ಬಡಿಯಲೇಬೇಕು ಅಂತಿಲ್ಲ. ಪಂಜರವನ್ನು ಎಷ್ಟೇ ಶುಚಿಯಾಗಿಟ್ಟರೂ ಅದು ಅಡುಗೆಮನೆಯಲ್ಲಿದ್ದರೆ ಉಪಯೋಗ ಕಡಿಮೆ.

ಕೊಳೆ ತೆಗೆಯುವುದು ಬೇರೆ, ಕ್ರಿಮಿ ಕೊಲ್ಲುವುದು ಬೇರೆ

ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. ಹಿಕ್ಕೆ, ಹೊಟ್ಟು, ಜಿಡ್ಡು, ಗರಿಯ ಪುಡಿ ಇವನ್ನು ತೆಗೆದುಹಾಕುವುದು ಒಂದು ಕೆಲಸ. ತೆಗೆದ ಮೇಲೂ ಅಂಟಿಕೊಂಡಿರುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ವೈರಸ್, ಬೂಸ್ಟನ್ನು ಕೊಲ್ಲುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಸ್ಪ್ರೇಯಲ್ಲಿ ಮುಗಿಸಲು ಹೋದರೆ ಎರಡೂ ಆಗುವುದಿಲ್ಲ.

ಬ್ಲೀಚನ್ನೇ ನೋಡಿ. ಅದರಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಎದುರಿಗೆ ಸಿಕ್ಕಿದ ಜೈವಿಕ ವಸ್ತುವಿನ ಜೊತೆಗೆಲ್ಲ ವರ್ತಿಸುತ್ತದೆ. ಕ್ರಿಮಿ ಯಾವುದು, ಹಿಕ್ಕೆ ಯಾವುದು ಅಂತ ಅದು ನೋಡುವುದಿಲ್ಲ. ಹಿಕ್ಕೆ ಮೆತ್ತಿದ ಟ್ರೇ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಹಿಕ್ಕೆಯ ಮೇಲೆಯೇ ಖರ್ಚಾಗುತ್ತದೆ. ಅಡಿಯಲ್ಲಿ ಕೂತಿರುವ ಕ್ರಿಮಿಗೆ ಏನೂ ಆಗುವುದಿಲ್ಲ. ಅಷ್ಟೇ ಆಗಿದ್ದರೆ ಸುಮ್ನೆ ದುಡ್ಡು ದಂಡ ಅನ್ನಬಹುದಿತ್ತು. ಒದ್ದೆ ಹಿಕ್ಕೆ ಕೆಲವು ದಿನ ಹಾಗೇ ಕೂತರೆ ಅದರಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಗಬ್ಬು ಟ್ರೇಯ ಹತ್ತಿರ ಮೂಗಿಗೆ ಬಡಿಯುವ ಘಾಟು ಅದೇ. ಆ ಅಮೋನಿಯಾಗೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಅನಿಲ ಹುಟ್ಟುತ್ತದೆ. ಅದು ಹಕ್ಕಿಗಷ್ಟೇ ಅಲ್ಲ, ತೊಳೆಯುವವರ ಶ್ವಾಸಕೋಶಕ್ಕೂ ವಿಷ.

ಆದ್ದರಿಂದ ಕ್ರಮ ಯಾವಾಗಲೂ ಒಂದೇ. ಮೊದಲು ಕೊಳೆ ಪೂರ್ತಿ ಹೋಗಬೇಕು. ಆಮೇಲೆ ಚೆನ್ನಾಗಿ ಜಾಲಿಸಬೇಕು. ಕ್ರಿಮಿನಾಶಕ ಬೇಕಿದ್ದರೆ ಆಗ ಹಾಕಬೇಕು, ಹಾಕಿದ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು. ಮತ್ತೆ ಜಾಲಿಸಬೇಕು, ಒಣಗಿಸಬೇಕು. ದಿನನಿತ್ಯಕ್ಕೆ ಮೊದಲ ಭಾಗವೇ ಸಾಕು. ಕ್ರಿಮಿನಾಶಕದ ಸರದಿ ತಿಂಗಳಿಗೊಮ್ಮೆಯ ದೊಡ್ಡ ತೊಳೆತದಲ್ಲಿ ಬಂದರೆ ಜಾಸ್ತಿ. ಹಕ್ಕಿಗೆ ಕಾಯಿಲೆ ಬಂದಾಗ, ಯಾರೋ ಬಳಸಿದ ಹಳೆ ಪಂಜರ ತಂದಾಗ, ಒಂದು ಹಕ್ಕಿ ಸತ್ತು ಅದೇ ಪಂಜರಕ್ಕೆ ಇನ್ನೊಂದನ್ನು ಬಿಡುವಾಗ ಮಾತ್ರ ಇದನ್ನು ತಪ್ಪಿಸುವಂತಿಲ್ಲ.

ದಿನದ ಕೆಲಸ: ಕಾಗದ ಮತ್ತು ಬಟ್ಟಲು

ಟ್ರೇಗೆ ಏನು ಹಾಸಬೇಕು? ನನ್ನ ಮತ ಹಳೆ ದಿನಪತ್ರಿಕೆಗೇ. ಬಣ್ಣ ಹಚ್ಚದ ಬಿಳಿ ಕಾಗದವಾದರೂ ಸರಿ. ಮರದ ಪುಡಿ, ಜೋಳದ ದಿಂಡಿನ ಚೂರು ನೋಡಲು ಚೆಂದ. ಆದರೆ ಕೊಳೆಯನ್ನು ಅಡಗಿಸಿಡುತ್ತವೆ. ತೇವ ಆದರೆ ಒಳಗೊಳಗೇ ಬೂಸ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಎಂಬ ಬೂಸ್ಟಿನ ಕಣಗಳು ಹಕ್ಕಿಯ ಗಾಳಿಚೀಲಕ್ಕೆ ಹೊಕ್ಕರೆ ಬರುವ ಕಾಯಿಲೆ ಗುಣಪಡಿಸುವುದು ಬಹಳ ಕಷ್ಟ. ದೇವದಾರು ಜಾತಿಯ ಮರದ ಹೊಟ್ಟಿನ ಘಾಟೂ ಹಕ್ಕಿಗೆ ಆಗುವುದಿಲ್ಲ. ಕಾಗದದ ಹಾಸಿಗೆ ಈ ಯಾವ ತಾಪತ್ರಯವೂ ಇಲ್ಲ. ನಾಲ್ಕೈದು ಪದರ ಹಾಸಿ, ದಿನಾ ಮೇಲಿನದನ್ನು ಸುತ್ತಿ ತೆಗೆದರೆ ಆಯ್ತು. ಕೆಳಗಿನದಕ್ಕೂ ತೇವ ಇಳಿದಿದ್ದರೆ ಅದೂ ಹೋಗಲಿ.

ಕಾಗದದ ದೊಡ್ಡ ಉಪಯೋಗ ಇನ್ನೊಂದಿದೆ. ಹಿಕ್ಕೆ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ನಿಸ್ಸೀಮರು. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂರುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಹಿಕ್ಕೆ ಅದಕ್ಕಿಂತ ಮೊದಲೇ ಸುಳಿವು ಕೊಡಬಹುದು. ಬಜರಿಗರ್‌ನಂಥ ಸಣ್ಣ ಹಕ್ಕಿಗೆ ಮೂತ್ರಕೋಶವೇ ಇಲ್ಲ, ಹಗಲಿನಲ್ಲಿ ಹೆಚ್ಚೂಕಡಿಮೆ 15-20 ನಿಮಿಷಕ್ಕೊಮ್ಮೆ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮೂರು ಭಾಗ ಇರುತ್ತದೆ. ಹಸಿರೋ ಕಂದೋ ಆದ ಗಟ್ಟಿ ಭಾಗ ಮಲ. ಬಿಳಿ ಸುಣ್ಣದ ಥರದ್ದು ಯೂರೇಟ್. ಸುತ್ತ ಕಾಣುವ ತಿಳಿ ನೀರು ಮೂತ್ರ. ದಿನಾ ನೋಡುತ್ತಿದ್ದರೆ ನಿಮ್ಮ ಹಕ್ಕಿಯ ಮಾಮೂಲಿ ಹಿಕ್ಕೆ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗುತ್ತದೆ. ಬಿಳಿ ಇರಬೇಕಾದ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ ಲಿವರ್ ತೊಂದರೆಯ ಅನುಮಾನ ಬರಬೇಕು. ಹಿಕ್ಕೆಯ ಸಂಖ್ಯೆ ಇದ್ದಕ್ಕಿದ್ದಂತೆ ಇಳಿದರೆ ಹಕ್ಕಿ ತಿನ್ನುತ್ತಿಲ್ಲ ಅಂತ ಅರ್ಥ. ಹಿಂದಿನ ದಿನ ಬೀಟ್‌ರೂಟ್ ಕೊಟ್ಟಿದ್ದರೆ ಕೆಂಪು ಕಂಡು ಗಾಬರಿ ಆಗಬೇಡಿ, ಅದು ಊಟದ ಬಣ್ಣ.

ಪಂಜರದಲ್ಲಿ ಎಲ್ಲಕ್ಕಿಂತ ಕೊಳಕು ಜಾಗ ಟ್ರೇ ಅಂತ ನಾವು ಅಂದುಕೊಂಡಿರುತ್ತೇವೆ. ನನ್ನನ್ನು ಕೇಳಿದರೆ ನೀರಿನ ಬಟ್ಟಲು. ಹಕ್ಕಿ ಅದರಲ್ಲೇ ಕುಡಿಯುತ್ತದೆ, ಮೀಯುತ್ತದೆ, ತಿಂಡಿ ಅದ್ದುತ್ತದೆ, ಮೇಲೆ ಕೂತು ಹಿಕ್ಕೆಯನ್ನೂ ಹಾಕುತ್ತದೆ. ಬಟ್ಟಲಿನ ಒಳಗೆ ಬೆರಳು ಆಡಿಸಿ ನೋಡಿ. ಜಾರುವ ಲೋಳೆ ಸಿಕ್ಕಿದರೆ ಅದು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಪದರ. ಹಳೆ ನೀರು ಚೆಲ್ಲಿ ಹೊಸದು ತುಂಬಿಸಿದರೆ ಅದು ಹೋಗುವುದಿಲ್ಲ, ಹೊಸ ನೀರಿಗೂ ಸೋಂಕು ಹತ್ತಿಸುತ್ತದೆ. ದಿನಾ ಒಂದು ಹನಿ ಪಾತ್ರೆ ಸೋಪು, ಬಿಸಿನೀರು ಹಾಕಿ ಉಜ್ಜಬೇಕು. ಕೊಳವೆ ಥರದ ನೀರಿನ ಬಾಟಲಿ ಆದರೆ ಉದ್ದ ಬ್ರಷ್ ಬೇಕೇ ಬೇಕು, ತುದಿಯ ನಳಿಗೆಯನ್ನೂ ಬಿಡಬಾರದು. ಎರಡು ಜೊತೆ ಬಟ್ಟಲು ಇಟ್ಟುಕೊಂಡರೆ ಆರಾಮ. ಒಂದು ಜೊತೆ ಪಂಜರದಲ್ಲಿದ್ದಾಗ ಇನ್ನೊಂದು ತೊಳೆದು ಒಣಗುತ್ತಿರುತ್ತದೆ. ಒಣಗುವುದು ಸಣ್ಣ ವಿಷಯವಲ್ಲ, ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬಟ್ಟಲು ಸ್ಟೀಲಿನದ್ದಾದರೆ ಚೆನ್ನ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಲೋಳೆ ಉಳಿದುಬಿಡುತ್ತದೆ.

ಬಟ್ಟಲನ್ನು ಕೂರುವ ಕೋಲಿನ ನೇರ ಕೆಳಗೆ ಇಡಬೇಡಿ. ಅರ್ಧ ಕೊಳೆ ಇದೊಂದರಿಂದಲೇ ತಪ್ಪುತ್ತದೆ.

ಕಾಳಿನ ಬಟ್ಟಲಲ್ಲಿ ಒಂದು ಮೋಸ ಇದೆ. ಹಕ್ಕಿ ಕಾಳನ್ನು ಸುಲಿದು ತಿಂದು ಸಿಪ್ಪೆಯನ್ನು ಅಲ್ಲೇ ಉದುರಿಸುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದೆ ಅನ್ನಿಸುತ್ತದೆ. ನಿಜಕ್ಕೂ ಇರುವುದು ಬರೀ ಹೊಟ್ಟು. ತುಂಬಿದ ಬಟ್ಟಲಿನ ಮುಂದೆಯೇ ಹಕ್ಕಿ ಉಪವಾಸ ಬೀಳಬಹುದು. ಮೇಲೆ ಊದಿ ನೋಡುವುದು ಹಳೆಯ ಉಪಾಯ, ಊದುವುದು ಮನೆಯ ಹೊರಗೆ ಇರಲಿ. ದಿನಾ ಖಾಲಿ ಮಾಡಿ ತೊಳೆದು ಹೊಸದಾಗಿ ತುಂಬಿಸುವುದು ಅದಕ್ಕಿಂತ ಒಳ್ಳೆಯದು. ಹಣ್ಣು, ತರಕಾರಿ, ಮೊಳಕೆ, ಬೇಯಿಸಿದ ತಿಂಡಿ ಕೊಟ್ಟಿದ್ದರೆ ಎರಡು ಗಂಟೆಯೊಳಗೆ ಉಳಿದದ್ದನ್ನು ತೆಗೆಯಿರಿ. ಸೆಕೆ ಇದ್ದರೆ ಇನ್ನೂ ಬೇಗ.

ಧೂಳು ಎಬ್ಬಿಸಬೇಡಿ

ಈಗ ನಮ್ಮ ಆರೋಗ್ಯದ ಮಾತು. ಒಣಗಿದ ಹಿಕ್ಕೆಯನ್ನು ಕೆರೆದು, ಪೊರಕೆಯಿಂದ ಗುಡಿಸಿದರೆ ಅದು ಪುಡಿಯಾಗಿ ಗಾಳಿಗೆ ಏರುತ್ತದೆ. ಕ್ಲಮೈಡಿಯಾ ಸಿಟಾಸಿ ಎಂಬ ಬ್ಯಾಕ್ಟೀರಿಯಾ ಮನುಷ್ಯರಿಗೆ ಹತ್ತುವುದು ಸಾಮಾನ್ಯವಾಗಿ ಇದೇ ದಾರಿಯಲ್ಲಿ. ಅದರಿಂದ ಬರುವ ಸಿಟಾಕೋಸಿಸ್‌ಗೆ ಗಿಳಿ ಜ್ವರ ಅಂತಲೂ ಹೇಳುತ್ತಾರೆ. ಗಿಳಿ ಜಾತಿಯಲ್ಲಿ ಇದು ಜಾಸ್ತಿ, ಪಾರಿವಾಳ, ಬಾತುಕೋಳಿ, ಟರ್ಕಿ ಕೋಳಿಗಳಿಂದಲೂ ಬರಬಹುದು. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ತರಿಸಿದ ಗಿಳಿಗಳ ಮೂಲಕ ಇದು ಯುರೋಪ್, ಅಮೆರಿಕದ ಹಲವು ಕಡೆ ಹರಡಿ ಜನ ಸತ್ತಿದ್ದರು. ಆಗ ಆಂಟಿಬಯಾಟಿಕ್ ಇರಲಿಲ್ಲ. ಇವತ್ತು ಡಾಕ್ಸಿಸೈಕ್ಲಿನ್‌ನಂಥ ಔಷಧಿಯಿಂದ ವಾಸಿ ಆಗುತ್ತದೆ, ಆದರೆ ಡಾಕ್ಟರಿಗೆ ಅನುಮಾನ ಬರಬೇಕಲ್ಲ? ಜ್ವರ, ತಲೆನೋವು, ಮೈಕೈ ನೋವು, ಒಣ ಕೆಮ್ಮು ಅಂದರೆ ಮಾಮೂಲಿ ಫ್ಲೂ ಅನ್ನಿಸುತ್ತದೆ. ಸೋಂಕು ತಗುಲಿದ 5ರಿಂದ 14 ದಿನದಲ್ಲಿ ಸಾಮಾನ್ಯವಾಗಿ ಇವು ಕಾಣಿಸಿಕೊಳ್ಳುತ್ತವೆ. ಹಕ್ಕಿ ಸಾಕುವವರು ಇಂಥ ಜ್ವರಕ್ಕೆ ಡಾಕ್ಟರ ಹತ್ತಿರ ಹೋದರೆ ‘ಮನೆಯಲ್ಲಿ ಹಕ್ಕಿ ಇದೆ’ ಅಂತ ತಾವಾಗಿಯೇ ಹೇಳಬೇಕು. ಹಕ್ಕಿ ಆರೋಗ್ಯವಾಗೇ ಕಂಡರೂ ಅದರ ಮೈಯಲ್ಲಿ ಈ ಬ್ಯಾಕ್ಟೀರಿಯಾ ಇರಬಹುದು.

ಇನ್ನೊಂದು ತೊಂದರೆಯಲ್ಲಿ ಕ್ರಿಮಿಯ ಪಾತ್ರವೇ ಇಲ್ಲ. ಗರಿಯ ಪುಡಿ, ಹಿಕ್ಕೆಯಲ್ಲಿರುವ ಪ್ರೋಟೀನುಗಳನ್ನು ವರ್ಷಗಟ್ಟಲೆ ಉಸಿರಾಡುವ ಕೆಲವರ ಶ್ವಾಸಕೋಶ ಅದಕ್ಕೆ ಅಲರ್ಜಿಯ ಥರ ತಿರುಗಿಬೀಳುತ್ತದೆ. ಮೊದಲು ಒಣ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹಾಗೇ ಬಿಟ್ಟರೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿ ಅದು ಶಾಶ್ವತವಾಗಬಹುದು. ಪಾರಿವಾಳ, ಬಜರಿಗರ್ ಸಾಕುವವರಲ್ಲಿ ಇದನ್ನು ಹೆಚ್ಚಾಗಿ ಗುರುತಿಸಿದ್ದಾರೆ. ಕಾಕಟೀಲ್, ಕಾಕಟೂ, ಆಫ್ರಿಕನ್ ಗ್ರೇ ಗಿಳಿಗಳ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಅವನ್ನು ಸಾಕುವವರು ಇನ್ನಷ್ಟು ಹುಷಾರು.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಪರಿಹಾರ ನಗು ಬರುವಷ್ಟು ಸುಲಭ. ತೆಗೆಯುವ ಮೊದಲು ಒದ್ದೆ ಮಾಡಿ, ಅಷ್ಟೇ. ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿಸಿ ಹಿಕ್ಕೆ, ಕಾಗದ, ಜಾಲರಿಯ ಮೇಲೆ ಸಿಂಪಡಿಸಿ. ಐದು ನಿಮಿಷ ನೆನೆಯಲಿ. ನೆಂದ ಹಿಕ್ಕೆ ಬಟ್ಟೆಗೆ ಅಂಟಿಕೊಂಡು ಬರುತ್ತದೆ, ಹಾರುವುದಿಲ್ಲ. ಒಣ ಪೊರಕೆ ಬೇಡ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಅದು ಮುಂದಿನಿಂದ ಎಳೆದುಕೊಂಡ ಸಣ್ಣ ಧೂಳನ್ನು ಹಿಂದಿನಿಂದ ಕೋಣೆಗೆ ಬಿಡುತ್ತದೆ. ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇದ್ದರೆ ಸರಿ. ದೊಡ್ಡ ತೊಳೆತದ ದಿನ ಎನ್-95 ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಈ ಧೂಳಿಗೆ ಸಾಲದು. ಪಾತ್ರೆ ತೊಳೆಯುವ ಸಿಂಕ್‌ನಲ್ಲಿ ಟ್ರೇ ತೊಳೆಯಬೇಡಿ. ಪಂಜರದ ಬ್ರಷ್, ಬಟ್ಟೆ ಬೇರೆಯೇ ಇರಲಿ. ಮುಗಿದ ಮೇಲೆ ಕೈಗೆ ಸೋಪು. ಮನೆಯಲ್ಲಿ ಬಸುರಿಯರು, ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಆಗುವ ಔಷಧಿ ತೆಗೆದುಕೊಳ್ಳುವವರು ಇದ್ದರೆ ಈ ಕೆಲಸ ಬೇರೆಯವರ ಪಾಲಿಗೆ ಹೋಗಲಿ.

ವಾರದ ತೊಳೆತ

ಮೊದಲು ಹಕ್ಕಿಯನ್ನು ಬೇರೆ ಕೋಣೆಗೆ ಸಾಗಿಸಿ. ಸಣ್ಣ ಪಂಜರವೊಂದು ಕೈಯಲ್ಲಿದ್ದರೆ ಒಳ್ಳೆಯದು. ಹಾರಲು ಬಿಡುತ್ತೀರಾದರೆ ಫ್ಯಾನ್ ಆಫ್ ಆಗಿರಲಿ, ಕಿಟಕಿ ಬಾಗಿಲು ಮುಚ್ಚಿರಲಿ, ಬಕೆಟ್‌ಗಳಲ್ಲಿ ನೀರು ತೆರೆದಿರದಿರಲಿ. ತೊಳೆಯುವ ಗಡಿಬಿಡಿಯಲ್ಲಿ ಹಕ್ಕಿ ಹಾರಿಹೋಗುವುದುಂಟು.

ಟ್ರೇ, ಜಾಲರಿ, ಕೋಲು, ಆಟಿಕೆ ಎಲ್ಲ ಬಿಚ್ಚಿ. ಪಂಜರದ ಸರಳುಗಳನ್ನು ಬಿಸಿನೀರು, ಪರಿಮಳವಿಲ್ಲದ ಪಾತ್ರೆ ಸೋಪಿನಿಂದ ಉಜ್ಜಿ. ಗಟ್ಟಿಯಾದ ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ಸಡಿಲ ಆಗುತ್ತದೆ, ಚಾಕುವಿನಿಂದ ಕೆರೆಯಬೇಕಾಗಿಲ್ಲ. ಕೆರೆದರೆ ಬಣ್ಣ ಏಳುತ್ತದೆ, ಎದ್ದ ಬಣ್ಣ ಹಕ್ಕಿಯ ಹೊಟ್ಟೆ ಸೇರುತ್ತದೆ. ಹಳೆ ಟೂತ್ ಬ್ರಷ್ ಮೂಲೆಗಳಿಗೆ, ಬಾಗಿಲಿನ ಕೀಲಿಗೆ ಚೆನ್ನಾಗಿ ಒದಗುತ್ತದೆ. ಸೋಪು ಪೂರ್ತಿ ಹೋಗುವ ತನಕ ಜಾಲಿಸಿ. ಗಿಳಿಗಳು ಕೊಕ್ಕಿನಿಂದ ಸರಳು ಹಿಡಿದು ಹತ್ತುತ್ತವೆ, ನಾಲಿಗೆ ಹಚ್ಚಿ ನೋಡುತ್ತವೆ. ಪಂಜರದಲ್ಲಿ ಉಳಿದದ್ದೆಲ್ಲ ಬಾಯಿಗೇ ಹೋಗುತ್ತದೆ ಅಂತ ಇಟ್ಟುಕೊಳ್ಳಿ.

ಕೂರುವ ಕೋಲಿನ ಮೇಲೆ ಸ್ವಲ್ಪ ಹೆಚ್ಚು ಗಮನ ಬೇಕು. ಹಕ್ಕಿ ಹಗಲು ರಾತ್ರಿ ಅದರ ಮೇಲೇ ನಿಂತಿರುತ್ತದೆ, ಕೊಕ್ಕು ಒರೆಸುವುದೂ ಅಲ್ಲೇ. ಹಿಕ್ಕೆ ಮೆತ್ತಿದ ಕೋಲಿನ ಮೇಲೆ ನಿಂತು ನಿಂತು ಅಂಗಾಲು ಕೆಂಪಾಗಿ, ಚರ್ಮ ಒಡೆದು ಕೀವು ಕಟ್ಟಬಹುದು. ಮರದ ಕೋಲು ನೀರು ಕುಡಿಯುತ್ತದೆ, ಹಾಗಾಗಿ ಬಹಳ ಹೊತ್ತು ನೆನೆಸಬೇಡಿ. ಬ್ರಷ್ಷಿನಿಂದ ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಹಾಕಿ. ಒಳಗಿನವರೆಗೂ ಒಣಗಬೇಕು. ಬದಲಿ ಕೋಲುಗಳು ಇದ್ದರೆ ಅವಸರ ಇರುವುದಿಲ್ಲ. ಬಿರುಕು ಬಿಟ್ಟ, ಕಪ್ಪು ತಿರುಗಿದ ಕೋಲನ್ನು ಎಸೆಯುವುದೇ ಸರಿ. ಹಗ್ಗದ ಆಟಿಕೆಯ ಎಳೆ ಬಿಚ್ಚಿಕೊಂಡಿದ್ದರೂ ಅಷ್ಟೇ, ಅದರಲ್ಲಿ ಬೆರಳು ಸಿಕ್ಕಿಕೊಂಡರೆ ಕಷ್ಟ.

ಮತ್ತೆ ಜೋಡಿಸುವಾಗ ಎಲ್ಲ ಮೊದಲಿದ್ದ ಜಾಗಕ್ಕೇ ಹೋಗಲಿ. ಹಕ್ಕಿಗಳಿಗೆ ಪಂಜರದ ನಕ್ಷೆ ಬಾಯಿಪಾಠ ಆಗಿರುತ್ತದೆ. ಎಲ್ಲವನ್ನೂ ಒಂದೇ ದಿನ ಅದಲು ಬದಲು ಮಾಡಿದರೆ ಕೆಲವು ಹಕ್ಕಿಗಳು ಹೆದರಿ ತಿನ್ನುವುದನ್ನೇ ಬಿಡುತ್ತವೆ. ಮೊಟ್ಟೆ, ಮರಿ ಇರುವಾಗ ದೊಡ್ಡ ತೊಳೆತ ಮುಂದೆ ಹಾಕಿ. ಕಾಗದ, ನೀರು, ಕಾಳು ಮಾತ್ರ ನೋಡಿಕೊಂಡರೆ ಸಾಕು.

ಬ್ಲೀಚ್, ವಿನೆಗರ್, ಪೆರಾಕ್ಸೈಡ್

ಕ್ರಿಮಿನಾಶಕ ಬೇಕೇ ಬೇಕಾದ ದಿನ ಏನು ಬಳಸುವುದು? ಬ್ಲೀಚ್ ಸುಲಭವಾಗಿ ಸಿಗುತ್ತದೆ, ಕೆಲಸವೂ ಖಚಿತ, ಆದರೆ ಷರತ್ತುಗಳು ಬಹಳ. ಶೇಕಡಾ 5-6ರಷ್ಟು ಹೈಪೋಕ್ಲೋರೈಟ್ ಇರುವ ಮಾಮೂಲಿ ಬ್ಲೀಚಾದರೆ 1 ಭಾಗಕ್ಕೆ 32 ಭಾಗ ತಣ್ಣೀರು, ಅಂದರೆ ಲೀಟರಿಗೆ ಸುಮಾರು 30 ಮಿಲಿಲೀಟರ್. ಬಿಸಿನೀರು ಬೇಡ, ಆವಿ ಎದ್ದು ಘಾಟು ಜಾಸ್ತಿ ಆಗುತ್ತದೆ, ಬ್ಲೀಚಿನ ಶಕ್ತಿಯೂ ಇಳಿಯುತ್ತದೆ. ಮೊದಲೇ ಸೋಪಿನಿಂದ ತೊಳೆದ ಪಂಜರಕ್ಕೆ ಇದನ್ನು ಹಚ್ಚಿ 10 ನಿಮಿಷ ತೇವವಾಗಿಯೇ ಇಡಬೇಕು. ಆಮೇಲೆ ವಾಸನೆ ಪೂರ್ತಿ ಹೋಗುವ ತನಕ ಜಾಲಿಸಿ, ಗಾಳಿ ಬಿಸಿಲಿನಲ್ಲಿ ಒಣಗಿಸಬೇಕು. ಬೆರೆಸಿದ್ದು ಒಂದು ದಿನದಲ್ಲಿ ಸಪ್ಪೆ ಆಗುತ್ತದೆ, ಆದ್ದರಿಂದ ಬಾಟಲಿಯಲ್ಲಿ ಕೂಡಿಡಬೇಡಿ. ಲೋಹಕ್ಕೆ ಬಹಳ ಹೊತ್ತು ತಾಗಿದರೆ ತುಕ್ಕು ಹಿಡಿಸುತ್ತದೆ. ಈ ಕೆಲಸ ಮನೆಯ ಹೊರಗೆ ಆದರೆ ಉತ್ತಮ.

ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಹಕ್ಕಿ ಇರುವ ಮನೆಗೆ ಹೆಚ್ಚು ಒಪ್ಪುತ್ತದೆ. ವಾಸನೆ ಇಲ್ಲ ಅನ್ನುವಷ್ಟು ಕಡಿಮೆ, ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ. ಇದನ್ನೂ ಹಚ್ಚಿ 10 ನಿಮಿಷ ಬಿಟ್ಟು ಜಾಲಿಸಬೇಕು. ಪ್ರಾಣಿಗಳ ಜಾಗಕ್ಕೆಂದೇ ಮಾಡಿದ ಕ್ವಾಟರ್ನರಿ ಅಮೋನಿಯಂ ಕ್ರಿಮಿನಾಶಕಗಳೂ ಸಿಗುತ್ತವೆ. ಅವುಗಳಲ್ಲಿ ಲೇಬಲ್ಲಿನ ಅಳತೆಯೇ ಅಂತಿಮ. ಇನ್ನೂ ಒಂದು ಮುಚ್ಚಳ ಇರಲಿ ಅಂತ ಸುರಿದರೆ ಕ್ರಿಮಿ ಜಾಸ್ತಿಯೇನೂ ಸಾಯುವುದಿಲ್ಲ, ಉಳಿದ ಅಂಶ ಹಕ್ಕಿಯ ನಾಲಿಗೆ ಸುಡುತ್ತದೆ.

ವಿನೆಗರ್‌ಗೆ ಅಂತರ್ಜಾಲದಲ್ಲಿ ಇರುವಷ್ಟು ಕೀರ್ತಿ ಅದರ ಕೆಲಸಕ್ಕಿಲ್ಲ. ಗಡಸು ನೀರಿನ ಬಿಳಿ ಕರೆ ತೆಗೆಯಲು ಅದು ಒಳ್ಳೆಯದು, ಸಮ ಪಾಲು ನೀರು ಬೆರೆಸಿ ಬಳಸಬಹುದು. ಆದರೆ ಕಾಯಿಲೆ ಬಿದ್ದ ಹಕ್ಕಿಯ ಪಂಜರಕ್ಕೆ ಅದನ್ನೇ ಕ್ರಿಮಿನಾಶಕ ಅಂತ ನಂಬಬಾರದು. ಅಡುಗೆ ಸೋಡಾ ಉಜ್ಜಲು ಚೆನ್ನ. ಎರಡನ್ನೂ ಒಟ್ಟಿಗೆ ಸುರಿದು ನೊರೆ ಬರುವುದನ್ನು ನೋಡಿ ಖುಷಿ ಪಡುವವರಿಗೆ ಒಂದು ಮಾತು: ಆಮ್ಲ, ಕ್ಷಾರ ಎರಡೂ ಒಂದನ್ನೊಂದು ತಟಸ್ಥ ಮಾಡಿಕೊಂಡು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ನೊರೆಯಿಂದ ಅಪಾಯವಿಲ್ಲ. ಬ್ಲೀಚಿಗೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಬೆರೆಸಿದರೆ ಮಾತ್ರ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಪೆರಾಕ್ಸೈಡ್ ಮತ್ತು ವಿನೆಗರನ್ನು ಒಂದೇ ಬಾಟಲಿಗೆ ಹಾಕಿದರೂ ಶ್ವಾಸಕೋಶ ಸುಡುವ ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ. ಒಂದು ದಿನಕ್ಕೆ ಒಂದೇ ಕೆಮಿಕಲ್ ಅನ್ನುವ ನಿಯಮ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ.

ಇಷ್ಟಾದರೂ ಅಕಸ್ಮಾತ್ ಘಾಟು ಹಬ್ಬಿ ಹಕ್ಕಿ ಬಾಯಿ ತೆರೆದು ಉಸಿರಾಡಲು ಶುರು ಮಾಡಿದರೆ, ಉಸಿರಿಗೊಮ್ಮೆ ಬಾಲ ಆಡಿಸಿದರೆ, ಕೂಡಲೇ ಶುದ್ಧ ಗಾಳಿ ಇರುವ ಕಡೆಗೆ ಒಯ್ಯಿರಿ. ಒತ್ತಿ ಹಿಡಿಯಬೇಡಿ. ಹಕ್ಕಿಗೆ ನಮ್ಮ ಥರ ವಪೆ (ಎದೆ, ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ಇಲ್ಲ, ಎದೆ ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಎದೆ ಬಿಗಿಹಿಡಿದರೆ ಅದೂ ನಿಲ್ಲುತ್ತದೆ. ಸ್ವಲ್ಪ ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಿಗೆ ತೋರಿಸಿ, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ನಂತರವೂ ಆಗಬಹುದು.

ತಂತಿ, ತುಕ್ಕು, ನುಸಿ

ಅಗ್ಗದ ಪಂಜರಗಳ ತಂತಿಗೆ ತುಕ್ಕು ಹಿಡಿಯದಿರಲಿ ಅಂತ ಸತುವಿನ ಲೇಪ ಕೊಟ್ಟಿರುತ್ತಾರೆ. ಹೊಸದರಲ್ಲಿ ಆ ಲೇಪದ ಪುಡಿ, ಸಣ್ಣ ಹನಿಗಳು ತಂತಿಯ ಗಂಟುಗಳಲ್ಲಿ ಉಳಿದಿರುತ್ತವೆ. ಗಿಳಿಗೆ ಕೊಕ್ಕಿನ ಚಟ. ಕೆರೆದು ಕೆರೆದು ನುಂಗಿದ ಸತುವು ಮೈಗೆ ವಿಷವಾಗುತ್ತದೆ. ಸುಸ್ತು, ನೀರಾದ ಹಿಕ್ಕೆ, ವಾಂತಿ, ನಡುಕ ಅದರ ಗುರುತು. ಹೊಸ ಪಂಜರವನ್ನು ವಿನೆಗರ್ ನೀರು ಹಚ್ಚಿ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಜಾಲಿಸಿ, ಬಿಸಿಲಿಗಿಟ್ಟರೆ ಸಡಿಲವಾದ ಪುಡಿ ಹೋಗುತ್ತದೆ. ಆದರೆ ಅಪಾಯ ಕಡಿಮೆ ಆಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ವಿನೆಗರಿನಲ್ಲೇ ರಾತ್ರಿಯಿಡೀ ನೆನೆಸಿಟ್ಟರೆ ಉಲ್ಟಾ. ಆಮ್ಲ ಒಳ್ಳೆಯ ಲೇಪವನ್ನೂ ತಿನ್ನುತ್ತದೆ. ಹಳೆ ಬಣ್ಣದ ಪಂಜರದಲ್ಲಿ ಸೀಸ ಇರಬಹುದು. ಬಣ್ಣ ಸಿಪ್ಪೆ ಏಳುತ್ತಿರುವ, ತುಕ್ಕು ಉದುರುತ್ತಿರುವ ಪಂಜರಕ್ಕೆ ತೊಳೆತದಿಂದ ಉಪಾಯವಿಲ್ಲ.

ರಾತ್ರಿ ಹಕ್ಕಿ ಚಡಪಡಿಸುತ್ತಿದ್ದರೆ ಕೆಂಪು ನುಸಿ ಇರಬಹುದು. ಇವು ಹಗಲು ಪಂಜರದ ಸಂದಿಗಳಲ್ಲಿ, ಕೋಲಿನ ಬಿರುಕಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬಂದು ರಕ್ತ ಹೀರುತ್ತವೆ. ರಾತ್ರಿ ಪಂಜರದ ಮೇಲೆ ಬಿಳಿ ಬಟ್ಟೆ ಹೊದಿಸಿ ಬೆಳಿಗ್ಗೆ ಮಡಿಕೆಗಳಲ್ಲಿ ಕೆಂಪು ಚುಕ್ಕಿ ಓಡಾಡುತ್ತವಾ ನೋಡಿ. ಇದ್ದರೆ ಪಂಜರ ಪೂರ್ತಿ ಬಿಚ್ಚಿ ಕುದಿಯುವ ನೀರಿನಲ್ಲಿ ತೊಳೆಯಬೇಕು, ಮರದ ಸಾಮಾನು ಬದಲಿಸಬೇಕು, ಹಕ್ಕಿಯ ಮೈಗೆ ಔಷಧಿಯನ್ನು ವೈದ್ಯರೇ ಹೇಳಬೇಕು. ಪಂಜರಕ್ಕೆ ನೇತುಹಾಕಿದರೆ ನುಸಿ ಬರುವುದಿಲ್ಲ ಅಂತ ಮಾರುವ ಬಿಲ್ಲೆಗಳಿವೆ. ಅವುಗಳಲ್ಲಿ ಎಷ್ಟೋ ಬಟ್ಟೆಯ ಬೀರುವಿಗೆ ಹಾಕುವ ನುಸಿಗುಳಿಗೆಯ ರಾಸಾಯನಿಕದಿಂದಲೇ ಮಾಡಿದ್ದು. ಹಗಲು ರಾತ್ರಿ ಹಕ್ಕಿಯ ಮೂಗಿನ ಹತ್ತಿರ ಆ ಆವಿ ತೂಗುಹಾಕಿದಂತಾಗುತ್ತದೆ, ದಯವಿಟ್ಟು ತರಬೇಡಿ.

ಮುಂದಿನ ಪಂಜರ ಕೊಳ್ಳುವ ಯೋಚನೆ ಇದ್ದರೆ ತೊಳೆಯುವವರ ಕಣ್ಣಿನಿಂದ ಒಮ್ಮೆ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ದುಬಾರಿ, ಆದರೆ ಲೇಪವೇ ಇಲ್ಲದ್ದರಿಂದ ಏಳುವಂಥದ್ದೂ ಏನಿಲ್ಲ. ಟ್ರೇ ಹೊರಗಿನಿಂದಲೇ ಎಳೆಯಲು ಬರಬೇಕು, ಬಟ್ಟಲು ಬಾಗಿಲು ತೆರೆಯದೆ ಬದಲಿಸಲು ಬರಬೇಕು. ಗೋಪುರ, ಸುರುಳಿ, ಹೂಬಳ್ಳಿಯ ಅಲಂಕಾರ ಇರುವುದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ, ಅಷ್ಟು ಸಂದಿಗಳಿಗೆ ಯಾವ ಟೂತ್ ಬ್ರಷ್ಷೂ ಸಾಲುವುದಿಲ್ಲ.